ಅರಿವೆಯ ಬಿಳುಪು

(ಮಾತನಾಡುವವರು ಇಬ್ಬರು. ಅಣ್ಣ: ಪ್ರೌಢಶಾಲೆಯಲ್ಲಿ ಕನ್ನಡವನ್ನೂ ಚರಿತ್ರೆಯನ್ನೂ ಬೋಧಿಸಿ ನಿವೃತ್ತನಾದವನು. ತಂಗಿ: ಕಾಲೇಜಿನಲ್ಲಿ ಗೃಹವಿಜ್ಞಾನದ ಅಧ್ಯಾಪಿಕೆಯಾಗಿದ್ದವಳು.)

ಅಣ್ಣ: ನಾನು ಉಡುವುದು ಬಿಳಿಯ ಪಂಚೆ, ತೊಡುವುದು ಬಿಳಿಯ ಜುಬ್ಬ, ಹೆಗಲ ಮೇಲೆ ಹಾಕಿಕೊಳ್ಳುವುದು ಬಿಳಿಯ ವಲ್ಲಿ. ಇವನ್ನು ನಾನೇ ಒಗೆದುಕೊಳ್ಳತೊಡಗಿದ ಮೇಲೆ ನನ್ನ ಬುದ್ಧಿಗೆ ನಿಲುಕದ ಸಂಗತಿಯೊಂದು ನಡೆಯುತ್ತಿದೆ. ಅಂಗಡಿಯಿಂದ ತಂದ ದಿನ ಕಣ್ಣು ಕೋರೈಸುವಂತಿದ್ದ ಬಟ್ಟೆ, ಕೊಳೆಯೆಂಬುದು ಲೇಶಮಾತ್ರವೂ ಉಳಿಯದಂತೆ ಒಗೆದರೂ, ತಿಂಗಳು ತಿಂಗಳಿಗೆ ಮಾಸುತ್ತ ಬಂದು, ಕಡೆಗೆ ಹಳದಿಯೋ ಬೂದಿಯೋ ಎಂದು ನಿರ್ಣಯಿಸಲಾಗದ ಒಂದು ಬಣ್ಣದಲ್ಲಿ ನಿಂತುಬಿಡುತ್ತದೆ. ಪುಡಿಯನ್ನು ಹೆಚ್ಚಿಸಿದರೆ ಬಿಳುಪು ಹೆಚ್ಚುವುದೆಂದು ಅಂಗಡಿಯವರ ಮತ. ಈ ವಿಷಯವನ್ನು ಇಷ್ಟು ಕಾಲ ಬೋಧಿಸಿದವಳು ನೀನು, ನಿನ್ನ ಮತವೇನು?

ತಂಗಿ: ಅಂಗಡಿಯವರ ಮತವನ್ನು ಬದಿಗಿಡು, ಅಣ್ಣಯ್ಯ. ಹತ್ತಿಯ ಸಹಜವಾದ ಬಣ್ಣ ಅಚ್ಚಬಿಳುಪಲ್ಲ, ಕೆನೆಬಣ್ಣ. ಗಿರಣಿಯಲ್ಲಿ ಹೈಡ್ರೋಜನ್ ಪೆರಾಕ್ಸೈಡಿನ ಬಿಸಿದ್ರಾವಣದಲ್ಲಿ ಬೇಯಿಸಿ ಆ ಕೆನೆಬಣ್ಣವನ್ನು ತೆಗೆಯುತ್ತಾರೆ. ಅಷ್ಟಕ್ಕೇ ನಿಲ್ಲದೆ, ಬರಿಗಣ್ಣಿಗೆ ಗೋಚರವಾಗದ ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಅವನ್ನೇ ನೀಲಿಯ ಬೆಳಕನ್ನಾಗಿ ಹೊರಸೂಸುವ ಒಂದು ಬಗೆಯ ದ್ರವ್ಯವನ್ನು ನೂಲಿಗೆ ಹತ್ತಿಸುತ್ತಾರೆ. ಕುದುರೆ ಚೆಸ್ಟ್‌ನಟ್ ಎಂಬ ಯೂರೋಪಿನ ಮರದಿಂದ ತೆಗೆದ ಎಸ್ಕ್ಯುಲಿನ್ ಎಂಬ ವಸ್ತುವಿಗೆ ಈ ಗುಣವುಂಟೆಂದು ಪೌಲ್ ಕ್ರೈಸ್ ಎಂಬ ಜರ್ಮನ್ ವಿಜ್ಞಾನಿ 1929ರಲ್ಲಿ ತೋರಿಸಿಕೊಟ್ಟ. ಈಗಿನ ಒಗೆಯುವ ಪುಡಿಗಳಲ್ಲಿ ಇರುವುದು ಅದೇ ಗುಣದ ಕೃತಕ ದ್ರವ್ಯಗಳು. ಆದುದರಿಂದ ಹೊಸ ಪಂಚೆಯ ಆ ಥಳಥಳಿಕೆಯಲ್ಲಿ ಒಂದು ಭಾಗ ಎರವಲಿನದು. ಬಿಸಿಲಿಗೂ ಒಗೆತಕ್ಕೂ ಅದು ಸವೆದುಹೋದ ಮೇಲೆ ಹತ್ತಿ ತನ್ನ ನಿಜವರ್ಣಕ್ಕೆ ಮರಳಿದರೆ, ಅದನ್ನು ಕೊಳೆಯೆಂದು ಎಣಿಸಬೇಕಾದುದಿಲ್ಲ.

ಅಣ್ಣ: ನಮ್ಮ ತಾಯಿ ಕಡೆಯ ಜಾಲಾಟದ ನೀರಿಗೆ ನೀಲಿಯ ಗಂಟನ್ನು ಅದ್ದಿ ತೆಗೆಯುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಅದೂ ಇದೇ ತತ್ತ್ವವಲ್ಲವೇ?

ತಂಗಿ: ಫಲ ಹೆಚ್ಚುಕಡಿಮೆ ಒಂದೇ, ದಾರಿ ಬೇರೆ. ಮಾಸಿದ ಬಟ್ಟೆ ಬೆಳಕಿನಲ್ಲಿರುವ ನೀಲಿಯ ಅಂಶವನ್ನು ಸ್ವಲ್ಪ ನುಂಗಿಕೊಳ್ಳುತ್ತದೆ. ಆದ್ದರಿಂದ ನಮ್ಮ ಕಣ್ಣಿಗೆ ಹಳದಿಯಾಗಿ ತೋರುತ್ತದೆ. ನೀಲಿಯನ್ನು ಹಾಕಿದಾಗ ಅದು ಹಳದಿಯ ಅಂಶವನ್ನು ಅಷ್ಟೇ ಮಟ್ಟಿಗೆ ನುಂಗುವುದರಿಂದ, ಒಟ್ಟು ಬೆಳಕು ಒಂದಿಷ್ಟು ತಗ್ಗಿದರೂ ಛಾಯೆಯೆಂಬುದು ಅಳಿದು, ಕಣ್ಣು ಅದನ್ನು ಬಿಳುಪೆಂದು ಒಪ್ಪಿಕೊಳ್ಳುತ್ತದೆ. ಹಿಂದೆ ಈ ಬಣ್ಣವನ್ನು ಆಫ್ಘಾನಿಸ್ಥಾನದ ಬದಕ್ಷಾನ್ ಪ್ರಾಂತದಲ್ಲಿ ದೊರೆಯುವ ರಾಜಾವರ್ತವೆಂಬ ನೀಲಿಯ ಕಲ್ಲನ್ನು ಅರೆದು ತೆಗೆಯುತ್ತಿದ್ದರು. ಅದರ ಬೆಲೆ ಚಿತ್ರಕಾರರಿಗೇ ಎಟುಕದಷ್ಟಿತ್ತು. ಅದನ್ನು ಜೇಡಿಮಣ್ಣು, ಸೋಡ, ಗಂಧಕ, ಇದ್ದಿಲುಗಳಿಂದ ಕೃತಕವಾಗಿ ಮಾಡುವ ವಿಧಾನವನ್ನು 1820ರ ದಶಕದಲ್ಲಿ ಫ್ರಾನ್ಸಿನ ಗಿಮೆ ಎಂಬಾತ ಕಂಡುಹಿಡಿದ ತರುವಾಯವೇ ನೀಲಿ ಬಡವರ ಬಚ್ಚಲಿನವರೆಗೂ ಬಂದದ್ದು. ಆದರೆ ನೀಲಿಗೆ ಕೊಳೆ ತೆಗೆಯುವ ಶಕ್ತಿ ಕಿಂಚಿತ್ತೂ ಇಲ್ಲವೆಂಬುದನ್ನು ತಾಯಿ ಬಲ್ಲವಳಾಗಿದ್ದಳು. ಸಾಬೂನು ಪೂರ್ತಿಯಾಗಿ ಹೋಗಿ, ಹಿಂಡಿದ ನೀರು ತಿಳಿಯಾಗಿ ಬರುವ ತನಕ ಆಕೆ ಗಂಟನ್ನು ಮುಟ್ಟುತ್ತಿರಲಿಲ್ಲ. ಕೊಳೆಯಿರುವ ಬಟ್ಟೆಗೆ ನೀಲಿ ಹಾಕಿದರೆ ಬೂದಿಬಣ್ಣ ಬರುತ್ತದೆಯೇ ಹೊರತು ಬಿಳುಪಲ್ಲ.

ಅಣ್ಣ: ಅಂದರೆ ಬಿಳುಪೆಂಬುದು ಒಂದು, ಶುಚಿಯೆಂಬುದು ಮತ್ತೊಂದು ಎಂದಾಯಿತು.

ತಂಗಿ: ಎರಡನ್ನೂ ಬೆರೆಸಿ ನೋಡುವುದರಿಂದಲೇ ನಮ್ಮ ಜನ ಬಟ್ಟೆಯನ್ನು ಹಾಳುಮಾಡಿಕೊಳ್ಳುತ್ತಿದ್ದಾರೆ. ಚೆನ್ನಾಗಿ ಒಗೆದು ಬಿಸಿಲಿನಲ್ಲಿ ಒಣಗಿಸಿದ ಖಾದಿಯ ಬಟ್ಟೆ ಕೆನೆಬಣ್ಣದ್ದಾಗಿದ್ದೂ ಪರಿಶುದ್ಧವಾಗಿರಬಹುದು. ಮಿರಮಿರನೆ ಮಿಂಚುವ ಅಂಗಿಯ ನೂಲುಗಳ ನಡುವೆ ಬೆವರಿನ ಜಿಡ್ಡೂ ಹೋಗದೆ ಉಳಿದ ಪುಡಿಯೂ ಕೂತಿರಬಹುದು. ಇನ್ನು ನಿನ್ನ ಪಂಚೆಯ ಬೂದಿಬಣ್ಣದ ವಿಚಾರ. ನಿನ್ನ ಮನೆಗೆ ಬರುವುದು ಕೊಳವೆಬಾವಿಯ ನೀರಲ್ಲವೇ?

ಅಣ್ಣ: ಹೌದು. ಬಹು ಆಳದಿಂದ ಬರುತ್ತದೆ. ತಪ್ಪಲೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುತ್ತದೆ.

ತಂಗಿ: ಆ ಪೊರೆಯೇ ನಿನ್ನ ಪ್ರಶ್ನೆಗೆ ಅರ್ಧ ಉತ್ತರ. ಬಂಡೆಗಳ ನಡುವೆ ನಿಂತ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಅಂಥದನ್ನು ಗಡಸು ನೀರೆನ್ನುತ್ತೇವೆ. ಸಾಬೂನು ಅದರಲ್ಲಿ ಬಿದ್ದೊಡನೆ, ಕೊಳೆಯನ್ನು ಹಿಡಿಯುವುದಕ್ಕೆ ಮೊದಲೇ ಆ ಲವಣಗಳೊಡನೆ ಕೂಡಿ, ನೀರಿನಲ್ಲಿ ಕರಗದ ಒಂದು ಅಂಟುಗಸಿಯಾಗಿ ಬಟ್ಟೆಯ ಮೇಲೆ ಕೂರುತ್ತದೆ. ಆ ಗಸಿ ಮರುದಿನದ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಸ್ತ್ರಿಯ ಬಿಸಿಗೆ ಹಳದಿಯಾಗುತ್ತದೆ. ಬಟ್ಟೆ ಒರಟಾಗಿ, ಬೆವರನ್ನು ಹೀರದಂತಾಗುತ್ತದೆ. ಈಗಿನ ಡಿಟರ್ಜೆಂಟ್ ಪುಡಿಗಳಿಗೆ ಈ ಬಾಧೆ ಕಡಿಮೆಯಾದರೂ ಇಲ್ಲವೇ ಇಲ್ಲ ಎನ್ನಲಾಗದು. ಅಗತ್ಯಕ್ಕಿಂತ ಹೆಚ್ಚು ಹಾಕಿ, ನೀರಿನ ಅಭಾವದಿಂದ ಎರಡೇ ಸಲ ಜಾಲಾಡಿ ಬಿಟ್ಟರೆ ಪುಡಿಯೇ ಬಟ್ಟೆಯಲ್ಲಿ ಉಳಿದು ಹೊಸ ಕೊಳೆಯಾಗುತ್ತದೆ. ನೊರೆ ಹೆಚ್ಚಿದಷ್ಟೂ ಶುಚಿ ಹೆಚ್ಚೆಂಬ ಭ್ರಾಂತಿಯನ್ನು ಬಿಡಬೇಕು. ಆ ನೊರೆ ಕಾಲುವೆಗಳ ಮೂಲಕ ಎಲ್ಲಿಗೆ ಹೋಗುವುದೆಂಬುದನ್ನು 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ಕೋಡಿಯಲ್ಲಿ ಆಳೆತ್ತರಕ್ಕೆ ಎದ್ದು ರಸ್ತೆಗೆ ಹಾರಿದ ನೊರೆಯನ್ನು ನೋಡಿದವರು ಬಲ್ಲರು. ಇತರ ಕಾರಣಗಳ ಜತೆಗೆ ನಮ್ಮ ಬಚ್ಚಲುಗಳ ನೀರೂ ಅಲ್ಲಿತ್ತು.

ಅಣ್ಣ: ಕಾರಣ ತಿಳಿಯಿತು. ಪರಿಹಾರವನ್ನು ಹೇಳು.

ತಂಗಿ: ಬಟ್ಟೆ ಸೋಡ, ಎಂದರೆ ವಾಷಿಂಗ್ ಸೋಡ, ಒಂದು ಬಕೆಟ್ಟು ಬಿಸಿನೀರಿಗೆ ಎರಡು ಚಮಚದಷ್ಟು. ಅದನ್ನು ಪುಡಿಗೂ ಬಟ್ಟೆಗೂ ಮೊದಲೇ ಹಾಕಿ ಕಲಕತಕ್ಕದ್ದು. ನೀರಿನ ಗಡಸುತನವನ್ನು ಅದು ತಾನೇ ಎದುರಿಸಿ, ಸಾಬೂನನ್ನು ಕೊಳೆಯ ಕೆಲಸಕ್ಕೆ ಬಿಟ್ಟುಕೊಡುತ್ತದೆ. ಅನಂತರ ಈಗ ಹಾಕುವ ಪುಡಿಯಲ್ಲಿ ಅರ್ಧವನ್ನು ಹಾಕಿ, ಬಟ್ಟೆಯನ್ನು ಒಂದು ಗಂಟೆ ನೆನೆಯಲು ಬಿಡು. ಕೊರಳಪಟ್ಟಿಗೂ ಕಂಕುಳಿಗೂ ಮೈಯ ಜಿಡ್ಡು ಹತ್ತಿರುವುದರಿಂದ, ನೆನೆಹಾಕುವ ಮೊದಲೇ ಅಲ್ಲಿಗೆ ಸಾಬೂನಿನ ಬಿಲ್ಲೆಯನ್ನು ಉಜ್ಜಿಡಬೇಕು. ಒಗೆದ ಮೇಲೆ ಮೂರು ನೀರಿನಲ್ಲಿ ಜಾಲಾಡು. ಹಳೆಯ ಗಸಿ ಕೂತಿರುವ ಬಟ್ಟೆಯಾದರೆ ಒಂದು ಜಾಲಾಟದ ನೀರಿಗೆ ಒಂದು ನಿಂಬೆಹಣ್ಣಿನ ರಸವನ್ನೋ ಸ್ವಲ್ಪ ವಿನಿಗರನ್ನೋ ಸೇರಿಸು. ಆ ಹುಳಿಗೆ ಗಸಿ ಬಿಡುತ್ತದೆ. ಹುಳಿ ಹಾಕಿದ ಮೇಲೆ ಮತ್ತೊಮ್ಮೆ ಬರಿಯ ನೀರಿನಲ್ಲಿ ತೆಗೆಯುವುದನ್ನು ಮಾತ್ರ ಮರೆಯಕೂಡದು, ಏಕೆಂದರೆ ನೂಲಿನಲ್ಲಿ ಹುಳಿ ಉಳಿದು ಒಣಗಿದರೆ ಹತ್ತಿ ಕ್ರಮೇಣ ಜೀರ್ಣವಾಗುತ್ತದೆ.

ಅಣ್ಣ: ಸೋಡವನ್ನೂ ವಿನಿಗರನ್ನೂ ಒಟ್ಟಿಗೇ ಹಾಕಿದರೆ ಎರಡರ ಫಲವೂ ಒಂದೇ ಸಲ ದೊರೆಯುವುದೆಂದು ಪಕ್ಕದ ಮನೆಯವರು ಹೇಳುತ್ತಾರೆ. ಬುಸುಗುಟ್ಟಿ ಉಕ್ಕುತ್ತದೆಯಂತೆ.

ತಂಗಿ: ಉಕ್ಕುವುದೇನೋ ನಿಜ, ಆ ಉಕ್ಕು ಕಾರ್ಬನ್ ಡೈ ಆಕ್ಸೈಡ್ ಹೊರಟುಹೋಗುವ ಶಬ್ದ. ಕ್ಷಾರ ಆಮ್ಲದ ಬಲವನ್ನೂ ಆಮ್ಲ ಕ್ಷಾರದ ಬಲವನ್ನೂ ಅಳಿಸಿ, ಕೊನೆಗೆ ಉಳಿಯುವುದು ಯಾವ ಕೊಳೆಯನ್ನೂ ಕೀಳಲಾರದ ಒಂದು ಬಗೆಯ ಉಪ್ಪುನೀರು. ಎರಡೂ ಒಳ್ಳೆಯ ಪದಾರ್ಥಗಳೇ. ಒಂದರ ಕೆಲಸ ಮುಗಿದು, ನೀರಿನಲ್ಲಿ ತೊಳೆದ ಮೇಲೆ ಇನ್ನೊಂದರ ಕೆಲಸ.

ಅಣ್ಣ: ನೀನು ಸೋಡದ ಮಾತೆತ್ತಿದಾಗ ನನಗೆ ಉಬ್ಬೆಯ ನೆನಪಾಯಿತು. ನಮ್ಮ ಊರಿನ ಮಡಿವಾಳರು ಕೆರೆಯಂಗಳದ ಚೌಳು ಮಣ್ಣನ್ನು ಕೆರೆದು ತಂದು, ಅದರ ನೀರಿನಲ್ಲಿ ಬಟ್ಟೆಗಳನ್ನು ಅದ್ದಿ ಹಿಂಡಿ, ದೊಡ್ಡ ಹಂಡೆಯ ಬಾಯಿಯ ಮೇಲೆ ಒಂದರ ಮೇಲೊಂದು ಒಟ್ಟಿ, ರಾತ್ರಿಯೆಲ್ಲ ಹಬೆಯಲ್ಲಿ ಬೇಯಿಸಿ, ನಸುಕಿನಲ್ಲಿ ಕಲ್ಲಿನ ಮೇಲೆ ಒಗೆಯುತ್ತಿದ್ದರು. ಆ ಬಟ್ಟೆಗಳಿಗೆ ಒಂದು ವಿಶಿಷ್ಟವಾದ ವಾಸನೆಯೂ ಇತ್ತು.

ತಂಗಿ: ನಾನು ತರಗತಿಯಲ್ಲಿ ಹೇಳಿದ ಯಾವ ಪಾಠವೂ ಆ ಉಬ್ಬೆಗಿಂತ ಮೇಲಾದುದಲ್ಲ. ಚೌಳು ಮಣ್ಣಿನಲ್ಲಿರುವುದು ಅದೇ ಸೋಡಿಯಂ ಕಾರ್ಬೊನೇಟು, ಅಂದರೆ ಅಂಗಡಿಯ ಬಟ್ಟೆ ಸೋಡ. ಒಲೆಯ ಬೂದಿಯಲ್ಲಿರುವುದು ಅದರ ಸೋದರವಾದ ಪೊಟ್ಯಾಸಿಯಂ ಕಾರ್ಬೊನೇಟು. ಬಿಸಿಯಾದ ಕ್ಷಾರ ಬಟ್ಟೆಯಲ್ಲಿರುವ ಮೈಜಿಡ್ಡಿನೊಡನೆ ಕೂಡಿದಾಗ ಆ ಜಿಡ್ಡಿನ ಒಂದು ಭಾಗವೇ ಸಾಬೂನಾಗಿ ಮಾರ್ಪಡುತ್ತದೆ. ಕೊಳೆಯಿಂದಲೇ ಕೊಳೆಯನ್ನು ತೆಗೆಯುವ ಉಪಾಯವದು. ಹಬೆ ನೂಲಿನ ಒಳಹೊಕ್ಕು, ಹೇನನ್ನೂ ಸೀರನ್ನೂ ರೋಗಾಣುಗಳನ್ನೂ ಕೊಲ್ಲುತ್ತದೆ. ಯಾವ ಬಟ್ಟೆ ಉಬ್ಬೆಗೆ ಹೋಗಬೇಕು, ಯಾವುದು ಹೋಗಕೂಡದು, ಎಷ್ಟು ಹೊತ್ತು, ಎಷ್ಟು ಮಣ್ಣು ಎಂಬುದನ್ನೆಲ್ಲ ಅವರು ಕೈಯಿಂದಲೇ ಬಲ್ಲವರಾಗಿದ್ದರು.

ಅಣ್ಣ: ಹನ್ನೆರಡನೆಯ ಶತಮಾನದಲ್ಲಿ ಮಡಿವಾಳ ಮಾಚಿದೇವರು ಹಿಪ್ಪರಗಿಯಿಂದ ಕಲ್ಯಾಣಕ್ಕೆ ಬಂದು ಶರಣರ ಬಟ್ಟೆಗಳನ್ನು ಮಡಿಮಾಡುವುದನ್ನೇ ಕಾಯಕವಾಗಿ ನಡೆಸಿದರು, ಕಲಿದೇವರದೇವ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದರು. ಅವರನ್ನು ನಾವು ಗ್ರಂಥಗಳಲ್ಲಿ ಗೌರವಿಸುತ್ತ, ಅದೇ ಕಾಯಕ ಮಾಡುವವರನ್ನು ಹಿತ್ತಿಲ ಬಾಗಿಲಿನಿಂದ ಆಚೆಗೇ ನಿಲ್ಲಿಸಿ ಗಂಟು ಎಸೆದೆವು. ಅವರಲ್ಲಿದ್ದ ಜ್ಞಾನವನ್ನು ಯಾರೂ ಬರೆದಿಡಲಿಲ್ಲ. ಇಷ್ಟು ಮನೆಗಳ ಬಟ್ಟೆ ಒಂದೇ ಉಬ್ಬೆಯಲ್ಲಿ ಬೆಂದರೂ ಒಂದು ವಲ್ಲಿಯೂ ಅದಲುಬದಲಾಗದಂತೆ ಅವರು ಹಾಕುತ್ತಿದ್ದ ಗುರುತು ಕೂಡ ಸಾಮಾನ್ಯವಾದುದಲ್ಲ.

ತಂಗಿ: ಅದು ಕಾಡುಗೇರಿನ ಕಾಯಿಯ ರಸ. ಚುಚ್ಚಿ ತೆಗೆದ ರಸಕ್ಕೆ ಸುಣ್ಣ ತಗಲಿದೊಡನೆ ಕಪ್ಪಾಗಿ ಕಚ್ಚಿಕೊಳ್ಳುತ್ತದೆ. ಸೋಡಕ್ಕೂ ಜಗ್ಗದು, ಹಬೆಗೂ ಜಗ್ಗದು, ಕಲ್ಲಿನ ಮೇಲೆ ಎಷ್ಟು ಬಡಿದರೂ ಜಗ್ಗದು. ಮೈಗೆ ತಗಲಿದರೆ ಬೊಕ್ಕೆಯೇಳುವುದರಿಂದ ಅದನ್ನು ಬಳಸುವುದಕ್ಕೂ ತಿಳಿವಳಿಕೆ ಬೇಕು. ಎಲ್ಲ ಕಲೆಯನ್ನೂ ತೆಗೆಯುವವರು ಎಂದಿಗೂ ಹೋಗದ ಒಂದು ಕಲೆಯನ್ನು ಹುಡುಕಿಟ್ಟುಕೊಂಡಿದ್ದರು ಎಂದರೆ, ಕಲೆಗಳ ಗುಣಭೇದವನ್ನು ಅವರು ಎಷ್ಟು ಸೂಕ್ಷ್ಮವಾಗಿ ಅರಿತಿದ್ದರೆಂಬುದನ್ನು ಊಹಿಸಿಕೊ.

ಅಣ್ಣ: ಗುಣಭೇದವೆಂದೆ. ನಾನು ಕೇಳಬೇಕೆಂದಿದ್ದ ಎರಡನೆಯ ವಿಷಯ ಅದೇ. ಎಲ್ಲ ಕಲೆಗೂ ಸಲ್ಲುವ ಒಂದು ಔಷಧವಿಲ್ಲವೇ?

ತಂಗಿ: ಇಲ್ಲ, ಇದೆಯೆಂದು ಹೇಳುವವರನ್ನು ನಂಬಬೇಡ. ಕಲೆ ಯಾವುದರಿಂದ ಆಯಿತು, ಬಟ್ಟೆ ಯಾವುದರಿಂದ ಆದುದು, ಈ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯದೆ ಯಾವ ಪದಾರ್ಥವನ್ನೂ ಕೈಗೆತ್ತಿಕೊಳ್ಳಕೂಡದು. ಅರಿಸಿನವನ್ನೇ ನೋಡು. ಸಾರು ಚೆಲ್ಲಿದ ಪಂಚೆಗೆ ಸಾಬೂನು ಉಜ್ಜಿದೊಡನೆ ಹಳದಿಯ ಕಲೆ ಕಡುಗೆಂಪಾಗುವುದನ್ನು ಕಂಡು ಎಷ್ಟೋ ಮಂದಿ ಗಾಬರಿಯಾಗಿ, ಇನ್ನಷ್ಟು ಸಾಬೂನನ್ನೂ ಇನ್ನಷ್ಟು ಬಿಸಿನೀರನ್ನೂ ಸುರಿದು ತಿಕ್ಕುತ್ತಾರೆ. ಆರತಿಯ ತಟ್ಟೆಯಲ್ಲಿ ಅರಿಸಿನದ ನೀರಿಗೆ ಸುಣ್ಣ ಬೆರೆಸಿದಾಗ ಓಕುಳಿ ಕೆಂಪಾಗುವುದಷ್ಟೆ? ಸುಣ್ಣವೂ ಕ್ಷಾರ, ಸಾಬೂನೂ ಕ್ಷಾರ. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣ ಕ್ಷಾರವನ್ನು ಕಂಡಲ್ಲಿ ಕೆಂಪಾಗುತ್ತದೆ, ಕ್ಷಾರ ಹೋದೊಡನೆ ಮತ್ತೆ ಹಳದಿಗೆ ತಿರುಗುತ್ತದೆ. ಕಲೆ ಕೆಟ್ಟಿತೆಂದು ಅಳುಕಬೇಕಾದ್ದಿಲ್ಲ. ಈ ಬಣ್ಣ ನೀರಿಗೆ ಅಂಜುವುದಿಲ್ಲ; ಆದರೆ ಬಿಸಿಲಿಗೆ ಅತಿಯಾಗಿ ಅಂಜುತ್ತದೆ. ಅಡಿಗೆಯ ಎಣ್ಣೆಯೊಡನೆ ಬಂದ ಜಿಡ್ಡನ್ನು ಸಾಬೂನಿನಿಂದ ತೆಗೆದು, ಒದ್ದೆಯಾಗಿರುವಾಗಲೇ ಬಟ್ಟೆಯನ್ನು ಕಡುಬಿಸಿಲಿನಲ್ಲಿ ಹರವು. ಒಣಗಿದರೆ ಮತ್ತೆ ಒದ್ದೆಮಾಡು. ಸಂಜೆಯ ಹೊತ್ತಿಗೆ ಹಳದಿ ಬಹುಮಟ್ಟಿಗೆ ಅಳಿದಿರುವುದು. ಉಳಿದದ್ದು ಮರುದಿನದ ಬಿಸಿಲಿಗೆ ಹೋಗುವುದು. ಇದಕ್ಕೆ ಒಂದು ಕಾಸೂ ಖರ್ಚಿಲ್ಲ. ಇಂಥ ಸುಲಭದ ಉಪಾಯವಿರುವಾಗ ಚೆಲುವೆ ಪುಡಿಯನ್ನು, ಎಂದರೆ ಬ್ಲೀಚಿಂಗ್ ಪೌಡರನ್ನು, ಸುರಿದು ನೂಲನ್ನು ಕೊಲ್ಲುವವರನ್ನು ಕಂಡರೆ ನನಗೆ ದುಃಖವಾಗುತ್ತದೆ.

ಅಣ್ಣ: ಮೊನ್ನೆ ಕ್ಷೌರ ಮಾಡಿಕೊಳ್ಳುವಾಗ ಬಿದ್ದ ರಕ್ತದ ಕಲೆ ಟವಲಿನಲ್ಲಿ ಹಾಗೆಯೇ ಕಂದಾಗಿ ನಿಂತಿದೆ. ಬಿಸಿನೀರಿನಲ್ಲಿಯೇ ನೆನೆಹಾಕಿದ್ದೆ.

ತಂಗಿ: ರಕ್ತ, ಹಾಲು, ಮೊಸರು ಇವುಗಳಲ್ಲಿ ಪ್ರೋಟೀನು ಇರುವುದರಿಂದ ಮೊದಲ ನೀರು ತಣ್ಣೀರೇ ಆಗಿರಬೇಕು. ಕಾಯಿಸಿದ ಹಾಲಿನ ಮೇಲೆ ಕೆನೆ ಬಿಗಿದುಕೊಳ್ಳುವಂತೆ, ಬಿಸಿನೀರು ತಗಲಿದ ರಕ್ತ ನೂಲಿನೊಳಗೇ ಬಿಗಿದುಕೊಳ್ಳುತ್ತದೆ. ಹೊಸ ಕಲೆಯಾದರೆ ಉಪ್ಪು ಹಾಕಿದ ತಣ್ಣೀರಿನಲ್ಲಿ ಅರ್ಧ ಗಂಟೆ ಬಿಟ್ಟು, ಬಳಿಕ ಸಾಬೂನು. ನಿನ್ನ ಟವಲಿನಂಥ ಹಳೆಯ ಕಲೆಗೆ ಔಷಧದ ಅಂಗಡಿಯಲ್ಲಿ ಗಾಯ ತೊಳೆಯಲು ಕೊಡುವ ಹೈಡ್ರೋಜನ್ ಪೆರಾಕ್ಸೈಡಿನ ನಾಲ್ಕಾರು ಹನಿ ಸಾಕು. ರಕ್ತವನ್ನು ಕಂಡೊಡನೆ ಅದು ನೊರೆಗೂಡಿ ಆಮ್ಲಜನಕವನ್ನು ಬಿಡುತ್ತದೆ, ಕಲೆಯ ಬಣ್ಣ ಕಳೆಯುತ್ತದೆ. ಬಿಳಿಯ ಬಟ್ಟೆಗೆ ಮಾತ್ರ. ಬಣ್ಣದ ಬಟ್ಟೆಯಾದರೆ ಒಳಮಡಿಕೆಯಲ್ಲಿ ಮೊದಲು ಪರೀಕ್ಷಿಸಿ ನೋಡಬೇಕು.

ಅಣ್ಣ: ತುಕ್ಕಿನ ಕಲೆಗೆ ನಿಂಬೆಹಣ್ಣು ಎಂಬುದನ್ನು ನಾನೂ ಕೇಳಿಬಲ್ಲೆ.

ತಂಗಿ: ನಿಂಬೆಯ ರಸ, ಉಪ್ಪು, ಬಿಸಿಲು. ಹುಳಿ ಕಬ್ಬಿಣವನ್ನು ಕರಗಿಸಿ ನೀರಿಗೆ ಒಪ್ಪಿಸುತ್ತದೆ. ಕರಾವಳಿಯ ಕಡೆ ಬಿಂಬುಳಿಯನ್ನು ಕೊಯ್ದು ಉಜ್ಜುತ್ತಾರೆ. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕಿಗೆ ನಿಂಬೆಗಿಂತಲೂ ಒಳ್ಳೆಯ ಮದ್ದು. ತುಕ್ಕಿನ ಮೇಲೆ ಚೆಲುವೆ ಪುಡಿಯನ್ನು ಎಂದಿಗೂ ಹಾಕಕೂಡದು, ಕಲೆ ಇನ್ನೂ ಗಟ್ಟಿಯಾಗುತ್ತದೆ. ಈ ಕಬ್ಬಿಣಕ್ಕೂ ಚೊಗರಿಗೂ ಇರುವ ಸಂಬಂಧವನ್ನು ನೀನು ನನಗಿಂತ ಚೆನ್ನಾಗಿ ಬಲ್ಲೆ.

ಅಣ್ಣ: ಮಸಿಯ ವಿಚಾರ ತಾನೆ? ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿ ಕಪ್ಪು ಮಸಿ ಮಾಡುತ್ತಿದ್ದರು. ಅಳಲೆಯಲ್ಲಿರುವುದು ಚೊಗರು, ಅನ್ನಭೇದಿಯಲ್ಲಿರುವುದು ಕಬ್ಬಿಣ.

ತಂಗಿ: ಅದೇ. ಕಾಫಿ, ಚಹ, ದಾಳಿಂಬೆಯ ಸಿಪ್ಪೆ, ಅಡಿಕೆ, ಬಾಳೆಯ ಸೊನೆ, ಇವೆಲ್ಲ ಚೊಗರಿನ ಬಳಗ. ಇಂಥ ಕಲೆಯಿರುವ ಬಟ್ಟೆಯನ್ನು ತುಕ್ಕುಹಿಡಿದ ಬಕೆಟ್ಟಿನಲ್ಲಿ ನೆನೆಹಾಕಿದರೆ ಬಕೆಟ್ಟಿನಲ್ಲೇ ಮಸಿ ತಯಾರಾಗಿ ಕಲೆ ಕಪ್ಪಾಗುತ್ತದೆ. ಕಾಫಿಯ ಕಲೆ ಹಸಿಯಾಗಿರುವಾಗ ತಣ್ಣೀರಿಗೇ ಮುಕ್ಕಾಲು ಹೋಗುತ್ತದೆ. ಅಡಿಕೆಯ ಚೊಗರು, ಬಾಳೆಯ ಸೊನೆ ಹಾಗಲ್ಲ. ಸೊನೆ ಬಿದ್ದಾಗ ಬಣ್ಣವೇ ಇರುವುದಿಲ್ಲ. ಗಾಳಿಯ ಆಮ್ಲಜನಕದೊಡನೆ ಕೂಡಿದ ಮೇಲೆ ಕಂದಾಗಿ, ಒಗೆದಷ್ಟೂ ಗಾಢವಾಗುತ್ತದೆ. ಮಲೆನಾಡಿನಲ್ಲಿ ಅಡಿಕೆ ಸುಲಿಯುವವರು ಆ ಕೆಲಸಕ್ಕೆಂದೇ ಹಳೆಯ ಬಟ್ಟೆಯನ್ನು ಬೇರೆಯಾಗಿ ಇಟ್ಟಿರುತ್ತಾರೆ. ಅವರ ವಿವೇಕವೇ ಸರಿ. ಸಾಗರದ ಕಡೆ ಚರಕ ಸಂಸ್ಥೆಯವರು ಅದೇ ಅಡಿಕೆಯ ಚೊಗರಿನಲ್ಲಿ ನೂಲಿಗೆ ಬಣ್ಣ ಕಟ್ಟಿ ಸೊಗಸಾದ ಬಟ್ಟೆ ನೇಯುತ್ತಾರೆಂದರೆ, ಅದು ಕಲೆಯಲ್ಲ, ಬಣ್ಣವೇ ಎಂದಾಯಿತು. ಬಿಳಿಯ ಹತ್ತಿಯ ಮೇಲೆ ಬಿದ್ದಿದ್ದರೆ ಬಿಸಿನೀರು, ಬಟ್ಟೆ ಸೋಡ, ಪೆರಾಕ್ಸೈಡುಗಳಿಂದ ಹಲವು ಸಲ ಪ್ರಯತ್ನಿಸಿ ತಿಳಿಗೊಳಿಸಬಹುದು. ಪೂರ್ತಿ ಹೋಗುವುದೆಂದು ನಾನು ಯಾರಿಗೂ ಭರವಸೆ ಕೊಡಲಾರೆ.

ಅಣ್ಣ: ಎಣ್ಣೆ, ತುಪ್ಪ?

ತಂಗಿ: ಅದು ಸುಲಭ. ನೀರು ಸೋಕಿಸುವ ಮೊದಲು ಕಡಲೆಹಿಟ್ಟನ್ನೋ ಸೀಮೆಸುಣ್ಣದ ಪುಡಿಯನ್ನೋ ಉದುರಿಸಿ, ಅದು ಜಿಡ್ಡನ್ನು ಹೀರಿಕೊಂಡ ಮೇಲೆ ಕೊಡವಿ, ಆಮೇಲೆ ಸಾಬೂನು ಹಾಕಿ ಬಿಸಿನೀರಿನಲ್ಲಿ ಒಗೆ. ಬಾಲ್ ಪೆನ್ನಿನ ಮಸಿಗೆ ಸ್ಪಿರಿಟ್ಟು. ಕೆಳಗೆ ಹಳೆಯ ಬಟ್ಟೆಯಿಟ್ಟು ಅಂಚಿನಿಂದ ನಡುವಿನ ಕಡೆಗೆ ಒತ್ತುತ್ತ ಬರಬೇಕು, ಉಜ್ಜಿದರೆ ಹರಡುತ್ತದೆ. ಮಸಿಗೆ ಹಾಲು ಹಾಕುವ ರೂಢಿಯೊಂದುಂಟು. ಮಸಿ ಅಲ್ಪಸ್ವಲ್ಪ ಹೋದರೂ ಹಾಲಿನ ಕಲೆಯೊಂದು ಹೊಸದಾಗಿ ಸೇರುವುದರಿಂದ ನಾನದನ್ನು ಅನುಮೋದಿಸುವುದಿಲ್ಲ.

ಅಣ್ಣ: ಚೆಲುವೆ ಪುಡಿಯನ್ನು ಎರಡು ಸಲ ನಿಂದಿಸಿದೆ. ಅದರ ಚರಿತ್ರೆಯನ್ನು ನಾನು ಓದಿದ್ದೇನೆ. ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನವರು ನೇಯ್ದ ನಾರುಬಟ್ಟೆಯನ್ನು ಹಡಗಿನಲ್ಲಿ ಹಾಲೆಂಡಿನ ಹಾರ್ಲೆಂ ಪಟ್ಟಣಕ್ಕೆ ಕಳುಹಿಸುತ್ತಿದ್ದರು. ಅಲ್ಲಿ ಅದನ್ನು ಕ್ಷಾರದಲ್ಲಿ ಬೇಯಿಸುವುದು, ಹುಲ್ಲುಗಾವಲಿನಲ್ಲಿ ಹರವಿ ಬಿಸಿಲಿಗೊಡ್ಡುವುದು, ಹುಳಿಮಜ್ಜಿಗೆಯಲ್ಲಿ ನೆನೆಯಿಡುವುದು, ಮತ್ತೆ ಹರವುವುದು, ಹೀಗೆ ವಸಂತದಲ್ಲಿ ಹೋದ ಬಟ್ಟೆ ಬಿಳುಪಾಗಿ ಮರಳುವ ಹೊತ್ತಿಗೆ ಶರತ್ಕಾಲವಾಗುತ್ತಿತ್ತು. ಮಜ್ಜಿಗೆಯ ಬದಲು ನೀರುಬೆರೆಸಿದ ಗಂಧಕಾಮ್ಲ ಸಾಕೆಂದು ಎಡಿನ್‌ಬರೋದ ಫ್ರಾನ್ಸಿಸ್ ಹೋಂ 1756ರಲ್ಲಿ ತೋರಿಸಿದ. 1774ರಲ್ಲಿ ಷೀಲೆ ಕ್ಲೋರಿನ್ನನ್ನು ಕಂಡುಹಿಡಿದ. ಅದು ಬಣ್ಣವನ್ನು ನುಂಗುವುದನ್ನು ಬರ್ತೊಲೆ ಬಟ್ಟೆಗೆ ಅನ್ವಯಿಸಿದ. 1799ರಲ್ಲಿ ಚಾರ್ಲ್ಸ್ ಟೆನೆಂಟ್ ಅದನ್ನು ಸುಣ್ಣದೊಡನೆ ಕೂಡಿಸಿ ಪುಡಿಯಾಗಿಸಿದ. ತಿಂಗಳುಗಳ ಕೆಲಸ ದಿನಗಳಿಗೆ ಇಳಿಯಿತು. ಅದು ಸಣ್ಣ ಉಪಕಾರವೇ?

ತಂಗಿ: ಗಿರಣಿಗೆ ಮಹೋಪಕಾರ. ಆಸ್ಪತ್ರೆಯ ಹಾಸಿಗೆಬಟ್ಟೆಗೂ ಅದು ಬೇಕು. ಮನೆಯ ಬಚ್ಚಲಿನಲ್ಲಿ ಮಾತ್ರ ಅದು ಕೊನೆಯ ಅಸ್ತ್ರವಾಗಿರಬೇಕು, ಮೊದಲನೆಯದಲ್ಲ. ಕಲೆಯ ಬಣ್ಣವನ್ನು ನುಂಗುವ ಕ್ಲೋರಿನ್ನಿಗೆ ನೂಲನ್ನೂ ನುಂಗುವ ಸ್ವಭಾವವುಂಟು. ಹತ್ತಿಯ ಮೇಲೆ, ತಣ್ಣೀರಿನಲ್ಲಿ ಚೆನ್ನಾಗಿ ತೆಳುಮಾಡಿ, ಸ್ವಲ್ಪ ಹೊತ್ತು ಇಟ್ಟು, ಬಹಳ ನೀರಿನಲ್ಲಿ ತೊಳೆದರೆ ಸಹಿಸಬಹುದು. ಉಣ್ಣೆಯನ್ನೂ ರೇಷ್ಮೆಯನ್ನೂ ಅದು ಹಳದಿಯಾಗಿಸಿ, ಬಲವಾದರೆ ಕರಗಿಸಿಯೇಬಿಡುತ್ತದೆ. ಇದಕ್ಕಿಂತ ಭಯಂಕರವಾದ ಸಂಗತಿ ಇನ್ನೊಂದಿದೆ. ಬ್ಲೀಚಿನ ನೀರಿಗೆ ನಿಂಬೆರಸವನ್ನಾಗಲಿ ವಿನಿಗರನ್ನಾಗಲಿ ಪಾಯಖಾನೆ ತೊಳೆಯುವ ಆಮ್ಲವನ್ನಾಗಲಿ ಬೆರೆಸಿದೊಡನೆ ಕ್ಲೋರಿನ್ ಅನಿಲವಾಗಿ ಹೊರಗೆ ಬರುತ್ತದೆ. ಒಂದನೆಯ ಮಹಾಯುದ್ಧದಲ್ಲಿ ಸೈನಿಕರ ಶ್ವಾಸಕೋಶವನ್ನು ಸುಟ್ಟದ್ದು ಅದೇ ಅನಿಲ. ಅಮೋನಿಯ ಸೇರಿದರೂ ವಿಷವಾಯುವೇ ಹುಟ್ಟುತ್ತದೆ. ಕಿಟಕಿಯಿಲ್ಲದ ಸಣ್ಣ ಬಚ್ಚಲಿನಲ್ಲಿ, ಎರಡು ಒಳ್ಳೆಯ ಪದಾರ್ಥಗಳನ್ನು ಕೂಡಿಸಿದರೆ ಮತ್ತಷ್ಟು ಒಳ್ಳೆಯದಾಗುವುದೆಂದು ನಂಬಿ ಹೆಂಗಸರು ಹೀಗೆ ಮಾಡುವುದುಂಟು. ಈ ಒಂದು ಮಾತನ್ನು ಪ್ರತಿ ಮನೆಯ ಬಚ್ಚಲಿನ ಗೋಡೆಯ ಮೇಲೂ ಬರೆದಿಡಬೇಕೆಂದು ನನಗನ್ನಿಸುತ್ತದೆ.

ಅಣ್ಣ: ಬ್ಲೀಚನ್ನು ಬಿಟ್ಟು ಪಂಚೆಯನ್ನು ಬಿಳುಪಾ​ಗಿಸುವುದು ಹೇಗೆ?

ತಂಗಿ: ಹಾರ್ಲೆಂನವರು ಮಾಡಿದ ಹಾಗೆಯೇ. ತಿಂಗಳಿಗೊಮ್ಮೆ ಬಟ್ಟೆ ಸೋಡ ಹಾಕಿದ ಬಿಸಿನೀರಿನಲ್ಲಿ ಹತ್ತಿಯ ಬಿಳಿಬಟ್ಟೆಗಳನ್ನು ಬೇಯಿಸಿ, ಚೆನ್ನಾಗಿ ಜಾಲಾಡಿ, ಹಿಂಡದೆ ಒದ್ದೆಯಾಗಿಯೇ ಬಿಸಿಲಿನಲ್ಲಿ ಹರವು. ನೀರು, ಗಾಳಿ, ಸೂರ್ಯರಶ್ಮಿ ಮೂರೂ ಕೂಡಿದಾಗ ಅಲ್ಲಿ ನಡೆಯುವುದೂ ಪೆರಾಕ್ಸೈಡಿನ ಕೆಲಸವೇ, ನಿಧಾನವಾಗಿ, ನೂಲಿಗೆ ಹೆಚ್ಚು ನೋವಾಗದಂತೆ. ಅವಸರವಿದ್ದರೆ ಆಮ್ಲಜನಕ ಬಿಡುವ ಪರ್‌ಕಾರ್ಬೊನೇಟ್ ಪುಡಿಯೂ ಅಂಗಡಿಯಲ್ಲಿ ದೊರೆಯುತ್ತದೆ; ಅದಕ್ಕೆ ನೀರು ಬಿಸಿಯಾಗಿರಬೇಕು, ತಣ್ಣೀರಿನಲ್ಲಿ ಕೆಲಸ ಸರಿಯಾಗಿ ನಡೆಯದು. ನೈಲಾನು, ಪಾಲಿಯೆಸ್ಟರು ಬೆರೆತ ಬಟ್ಟೆಯನ್ನು ಬೇಯಿಸಬೇಡ. ನೈಲಾನು ಬಿಸಿಲಿಗೂ ಹಳದಿಯಾಗುತ್ತದೆ, ನೆರಳಿನಲ್ಲೇ ಒಣಗಲಿ.

ಅಣ್ಣ: ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿ ಬ್ಯಾರಿಸ್ಟರಾಗಿದ್ದಾಗ ಒಗೆಯುವ ವಿದ್ಯೆಯ ಬಗ್ಗೆ ಪುಸ್ತಕವೊಂದನ್ನು ಕೊಂಡು ಓದಿ, ತಾವೂ ಕಲಿತು ಕಸ್ತೂರಬಾ ಅವರಿಗೂ ಕಲಿಸಿದರೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಓದಿ ಕಲಿಯಬೇಕಾದ ವಿದ್ಯೆಯೆಂದು ಅವರು ಭಾವಿಸಿದ್ದು ಈಗ ನನಗೆ ಅರ್ಥವಾಗುತ್ತದೆ. ಕೊನೆಯದಾಗಿ ಒಂದು. ತಂದೆಯವರ ರೇಷ್ಮೆಯ ಮಗುಟ ನನ್ನಲ್ಲಿದೆಯಷ್ಟೆ. ಅದರ ಅಂಚಿನ ಬಳಿ ಒಂದು ಕಂದುಬಣ್ಣದ ಕಲೆಯಿದೆ. ಅದಕ್ಕೆ ಬಟ್ಟೆ ಸೋಡ ಆಗಬಹುದೇ?

ತಂಗಿ: ಖಂಡಿತ ಆಗದು! ಹತ್ತಿ ಗಿಡದಿಂದ ಬಂದುದು, ಕ್ಷಾರವನ್ನು ಸಹಿಸುತ್ತದೆ, ಹುಳಿಗೆ ಅಂಜುತ್ತದೆ. ರೇಷ್ಮೆ ಹುಳುವಿನಿಂದ ಬಂದುದು, ಉಣ್ಣೆಯಂತೆ ಪ್ರೋಟೀನು. ಮೃದುವಾದ ಹುಳಿಯನ್ನು ಸಹಿಸುತ್ತದೆ, ಕ್ಷಾರಕ್ಕೆ ಅಂಜುತ್ತದೆ. ಸೋಡದಲ್ಲಿ ನೆನೆದ ರೇಷ್ಮೆ ಕಾಂತಿಯನ್ನೂ ಕಳೆದುಕೊಳ್ಳುತ್ತದೆ, ಬಲವನ್ನೂ ಕಳೆದುಕೊಳ್ಳುತ್ತದೆ. ಬಿಸಿಲೂ ಅದಕ್ಕೆ ಶತ್ರು. ಬೆವರಿನಿಂದಾದ ಸಾಧಾರಣ ಕೊಳೆಗೆ ಅಂಟುವಾಳದ ಕಾಯಿಯನ್ನು ಒಡೆದು ಬೀಜ ತೆಗೆದು, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಕಿವುಚಿ ಸೋಸಿದ ನೊರೆನೀರೇ ಸಾಕು. ಅದರಲ್ಲಿರುವ ಸಪೋನಿನ್‌ಗೆ ಕ್ಷಾರದ ದೋಷವಿಲ್ಲ. ಅದ್ದಿ ಅದ್ದಿ ತೆಗೆಯಬೇಕು. ತಿಕ್ಕಕೂಡದು, ಹಿಂಡಕೂಡದು, ನೆರಳಿನಲ್ಲಿ ಒಣಗಿಸಬೇಕು.

ಅಣ್ಣ: ಆ ಕಲೆ?

ತಂಗಿ: ಅದು ಯಾವುದರ ಕಲೆಯೋ ನಮಗೆ ಗೊತ್ತಿಲ್ಲ, ಎಷ್ಟು ಹಳೆಯದೋ ಗೊತ್ತಿಲ್ಲ, ನೂಲು ಎಷ್ಟು ಜೀರ್ಣವಾಗಿದೆಯೋ ಗೊತ್ತಿಲ್ಲ, ಇಂಥದಕ್ಕೆ ಮನೆಯಲ್ಲಿ ಕೈಹಾಕಬಾರದು. ನಿಮ್ಮ ಬೀದಿಯ ತುದಿಯಲ್ಲಿ ಇಸ್ತ್ರಿಯ ಅಂಗಡಿಯಿಟ್ಟಿರುವ ಮಡಿವಾಳರು ರೇಷ್ಮೆಯ ಕೆಲಸ ಬಲ್ಲವರೆಂದು ಕೇಳಿದ್ದೇನೆ. ಅವರಲ್ಲಿಗೆ ತೆಗೆದುಕೊಂಡು ಹೋಗು. ಅವರು ಕೇಳಿದ ಮಜೂರಿಯಲ್ಲಿ ಚೌಕಾಸಿ ಮಾಡಬೇಡ. ಆ ಕಲೆಯ ಮೇಲೆ ಇದುವರೆಗೆ ಯಾರು ಯಾರು ಏನೇನು ಹಾಕಿದ್ದಾರೋ, ಗೊತ್ತಿರುವಷ್ಟನ್ನೂ ಮುಚ್ಚದೆ ಹೇಳು.